ಮೈಸೂರು ವಿಶ್ವವಿದ್ಯಾನಿಲಯ ಪರಿಸರದ ಸಾಂಸ್ಕೃತಿಕ ತಾಣಗಳು

ಮೈಸೂರು ವಿಶ್ವವಿದ್ಯಾನಿಲಯ ಪರಿಸರದ ಸಾಂಸ್ಕೃತಿಕ ತಾಣಗಳು ಎಂದರೆ ಮೈಸೂರು ನಗರದಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಅದರ ಇತಿಹಾಸದೊಡನೆ ಬೆಸೆದುಕೊಂಡ ಅಥವಾ ಅದರ ನೆರೆಯಲ್ಲಿರುವ ವಸ್ತುಸಂಗ್ರಹಾಲಯಗಳು, ಹಸ್ತಪ್ರತಿ ಭಂಡಾರ, ಪಾರಂಪರಿಕ ಕಟ್ಟಡಗಳು, ರಂಗಮಂದಿರಗಳು ಮತ್ತು ಕೆರೆ. ಅರಮನೆ, ಚಾಮುಂಡಿಬೆಟ್ಟಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಅನೇಕರಿಗೆ ಇವುಗಳ ಪರಿಚಯ ಕಡಿಮೆ. ಆದರೆ ಮೈಸೂರು ಸಂಸ್ಥಾನದ ರಾಜಧಾನಿಯು ಕನ್ನಡ ನಾಡಿನ ವಿದ್ಯಾಕೇಂದ್ರವಾಗಿ ಬೆಳೆದ ಬಗೆಯನ್ನು ತಿಳಿಯಲು ಇವೇ ಮುಖ್ಯ ಆಧಾರಗಳು.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸ್ಥಾಪನೆಯಾಯಿತು. ಭಾರತದ ದೇಶೀಯ ಸಂಸ್ಥಾನವೊಂದರಲ್ಲಿ ಆರಂಭವಾದ ಮೊದಲ ವಿಶ್ವವಿದ್ಯಾನಿಲಯವಿದು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಕುವೆಂಪು ಅವರು ಕುಲಪತಿಗಳಾಗಿದ್ದಾಗ ನಗರದ ಪಶ್ಚಿಮ ಭಾಗದಲ್ಲಿ ಸ್ನಾತಕೋತ್ತರ ಕೇಂದ್ರವು ರೂಪುಗೊಂಡಿತು. ಅದಕ್ಕೆ ‘ಮಾನಸಗಂಗೋತ್ರಿ’ ಎಂಬ ಹೆಸರನ್ನಿಟ್ಟವರೂ ಅವರೇ.

ಪ್ರಾಚ್ಯವಿದ್ಯಾ ಸಂಶೋಧನಾಲಯ

೧೮೯೧ರಲ್ಲಿ ‘ಓರಿಯಂಟಲ್ ಲೈಬ್ರರಿ’ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯು ೧೯೧೬ರಲ್ಲಿ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿತು. ಸಂಸ್ಕೃತ ಮತ್ತು ಕನ್ನಡದ ಸಾವಿರಾರು ಓಲೆಗರಿ ಹಾಗೂ ಕಾಗದದ ಹಸ್ತಪ್ರತಿಗಳು ಇಲ್ಲಿ ಸಂಗ್ರಹವಾದವು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿಯು ಸಂಸ್ಥೆಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಗಮನಕ್ಕೆ ಬಂದದ್ದು ಇಲ್ಲಿಯೇ. ಇತರ ಗ್ರಂಥಗಳಲ್ಲಿನ ಉಲ್ಲೇಖಗಳಿಂದಷ್ಟೇ ವಿದ್ವಾಂಸರಿಗೆ ಪರಿಚಿತವಾಗಿದ್ದ ಈ ಕೃತಿಯ ಮೂಲಪಾಠವನ್ನು ಅವರು ೧೯೦೯ರಲ್ಲಿ ಪ್ರಕಟಿಸಿದರು. ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪ್ರಾಚೀನ ಭಾರತದ ರಾಜ್ಯಾಡಳಿತ, ತೆರಿಗೆ ಮತ್ತು ನ್ಯಾಯಪದ್ಧತಿಗಳ ಅಧ್ಯಯನವು ಇದರಿಂದ ಹೊಸ ದಿಕ್ಕನ್ನು ಪಡೆಯಿತು.

ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಮಸಿ ಲೇಪಿಸಿದ ನಂತರವೇ ಸ್ಪಷ್ಟವಾಗಿ ಕಾಣುತ್ತವೆ. ಒಣಗಿದ ಗರಿ ಮುರಿಯುತ್ತದೆ, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಹುಳುಗಳ ಕಾಟವೂ ಉಂಟು. ಆದ್ದರಿಂದ ಗರಿಗಳನ್ನು ಶುಚಿಗೊಳಿಸಿ ಹುಲ್ಲೆಣ್ಣೆ ಸವರುವುದು, ಪ್ರತಿಗಳನ್ನು ಡಿಜಿಟಲ್ ರೂಪಕ್ಕೆ ತರುವುದು ಇಂತಹ ಭಂಡಾರಗಳಲ್ಲಿ ನಿರಂತರವಾಗಿ ನಡೆಯಬೇಕಾದ ಕೆಲಸಗಳು.

ಜಯಲಕ್ಷ್ಮಿವಿಲಾಸ ಮತ್ತು ಜಾನಪದ ವಸ್ತುಸಂಗ್ರಹಾಲಯ

ಮಾನಸಗಂಗೋತ್ರಿಯ ಆವರಣದಲ್ಲಿರುವ ಜಯಲಕ್ಷ್ಮಿವಿಲಾಸವನ್ನು ೧೯೦೫ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ನಿರ್ಮಿಸಲಾಯಿತು. ೧೮೯೭ರಲ್ಲಿ ಇವರ ವಿವಾಹದ ಸಂದರ್ಭದಲ್ಲಿಯೇ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಗಿತ್ತು. ಇವರ ಪತಿ ಎಂ. ಕಾಂತರಾಜ ಅರಸ್ ಮುಂದೆ ಮೈಸೂರಿನ ದಿವಾನರಾದರು.

ಸೌಧವು ವಿಶ್ವವಿದ್ಯಾನಿಲಯದ ವಶಕ್ಕೆ ಬಂದ ನಂತರ, ೧೯೬೦ರ ದಶಕದ ಕೊನೆಯಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ದೇ. ಜವರೇಗೌಡ, ಜೀ. ಶಂ. ಪರಮಶಿವಯ್ಯ ಮತ್ತು ಚಿತ್ರಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಈ ಕಾರ್ಯದಲ್ಲಿ ಪ್ರಮುಖರು. ತೊಗಲುಬೊಂಬೆಗಳು, ಮರದ ಬೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಸೋಮನ ಕುಣಿತದ ಮುಖವಾಡಗಳು, ಬೇಸಾಯದ ಸಲಕರಣೆಗಳು, ಅಳತೆಯ ಪಾತ್ರೆಗಳು ಇಲ್ಲಿನ ಸಂಗ್ರಹದಲ್ಲಿವೆ. ರಾಜಕುಮಾರಿಯ ನಿವಾಸದಲ್ಲಿ ರೈತರು, ಕುಶಲಕರ್ಮಿಗಳು ಮತ್ತು ಹಳ್ಳಿಯ ಕಲಾವಿದರ ವಸ್ತುಗಳು ನೆಲೆಗೊಂಡಿರುವುದು ಈ ಸಂಗ್ರಹಾಲಯದ ವೈಶಿಷ್ಟ್ಯ.

ಮಹಾರಾಜ ಕಾಲೇಜು

ವಿಶ್ವವಿದ್ಯಾನಿಲಯಕ್ಕಿಂತಲೂ ಹಳೆಯದಾದ ಮಹಾರಾಜ ಕಾಲೇಜು ಆಧುನಿಕ ಕನ್ನಡ ಸಾಹಿತ್ಯದ ಬೆಳವಣಿಗೆಯಲ್ಲಿ ಮಹತ್ವದ ಪಾತ್ರ ವಹಿಸಿದೆ. ಎಂ. ಹಿರಿಯಣ್ಣ, ಟಿ. ಎಸ್. ವೆಂಕಣ್ಣಯ್ಯ ಮೊದಲಾದವರು ಇಲ್ಲಿ ಬೋಧಿಸಿದರು. ಕುವೆಂಪು ಇಲ್ಲಿಯೇ ಓದಿ, ಅಧ್ಯಾಪಕರಾಗಿ, ಪ್ರಾಂಶುಪಾಲರೂ ಆದರು. ೧೯೧೮ರಿಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ರಾಧಾಕೃಷ್ಣನ್ ೧೯೨೧ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದ ಪ್ರಸಂಗ ಪ್ರಸಿದ್ಧವಾಗಿದೆ.

ಜಗನ್ಮೋಹನ ಅರಮನೆ

ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೧ರಲ್ಲಿ ಕಟ್ಟಿಸಿದ ಈ ಅರಮನೆಯು, ೧೮೯೭ರ ಬೆಂಕಿಯ ನಂತರ ಹೊಸ ಅರಮನೆ ಸಿದ್ಧವಾಗುವವರೆಗೆ ರಾಜಮನೆತನದ ನಿವಾಸವಾಗಿತ್ತು. ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳು ಇಲ್ಲಿನ ಸಭಾಂಗಣದಲ್ಲಿ ನಡೆದವು. ಇಲ್ಲಿರುವ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನ ವರ್ಣಚಿತ್ರಗಳಿವೆ. ದೀಪ ಹಿಡಿದು ನಿಂತ ಮಹಿಳೆಯ ಜನಪ್ರಿಯ ಚಿತ್ರವನ್ನು ಅನೇಕರು ರವಿವರ್ಮನದೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದು ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ ಕೃತಿ.

ಕುಕ್ಕರಹಳ್ಳಿ ಕೆರೆ ಮತ್ತು ರಂಗಾಯಣ

ಮುಮ್ಮಡಿಯವರ ಕಾಲದಲ್ಲಿ, ೧೮೬೪ರಲ್ಲಿ ನಿರ್ಮಾಣವಾದ ಕುಕ್ಕರಹಳ್ಳಿ ಕೆರೆಯು ಮಾನಸಗಂಗೋತ್ರಿಗೆ ಹೊಂದಿಕೊಂಡಿದೆ. ಇದರ ಏರಿಯ ಮೇಲಿನ ನಡಿಗೆ ಕುವೆಂಪು ಮತ್ತು ಆರ್. ಕೆ. ನಾರಾಯಣ್ ಇಬ್ಬರಿಗೂ ಪ್ರಿಯವಾಗಿತ್ತು. ಹೆಜ್ಜಾರ್ಲೆ, ನೀರುಕಾಗೆ ಮುಂತಾದ ಹಕ್ಕಿಗಳಿಗೆ ಇದು ನೆಲೆ.

ಕೆರೆಯ ಸಮೀಪದ ಕಲಾಮಂದಿರದ ಆವರಣದಲ್ಲಿ ರಂಗಾಯಣವಿದೆ. ೧೯೮೯ರಲ್ಲಿ ಸ್ಥಾಪನೆಯಾದ ಈ ರಂಗಸಂಸ್ಥೆಗೆ ಬಿ. ವಿ. ಕಾರಂತರು ಮೊದಲ ನಿರ್ದೇಶಕರು. ‘ಬಹುರೂಪಿ’ ನಾಟಕೋತ್ಸವ ಮತ್ತು ಮಕ್ಕಳ ‘ಚಿಣ್ಣರ ಮೇಳ’ ಇದರ ಪ್ರಮುಖ ಕಾರ್ಯಕ್ರಮಗಳು.

ಸಂರಕ್ಷಣೆ

ಸುಣ್ಣದ ಗಾರೆ, ಇಟ್ಟಿಗೆ ಮತ್ತು ಮರದಿಂದ ಕಟ್ಟಿದ ಮೈಸೂರಿನ ಹಳೆಯ ಕಟ್ಟಡಗಳಿಗೆ ಮಳೆನೀರಿನ ಸೋರಿಕೆಯೇ ದೊಡ್ಡ ಅಪಾಯ. ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು ಕುಸಿದು ಜೀವಹಾನಿಯಾಯಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ, ೨೦೨೨ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡದ ಭಾಗವೂ ಕುಸಿದವು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಬೇಕೆ, ಕೆಡವಿ ಹೊಸದಾಗಿ ಕಟ್ಟಬೇಕೆ ಎಂಬ ಚರ್ಚೆಗೆ ಈ ಘಟನೆಗಳು ಕಾರಣವಾದವು.

ಉಳಿಸಿಕೊಂಡ ಉದಾಹರಣೆಗಳೂ ಇವೆ. ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣ್ ಅವರ ಮನೆಯನ್ನು ಕೆಡವುವ ಕೆಲಸ ೨೦೧೧ರಲ್ಲಿ ಆರಂಭವಾದಾಗ ಸಾರ್ವಜನಿಕರಿಂದ ವಿರೋಧ ವ್ಯಕ್ತವಾಯಿತು. ನಂತರ ಮನೆಯನ್ನು ದುರಸ್ತಿಗೊಳಿಸಿ ೨೦೧೬ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಜಯಲಕ್ಷ್ಮಿವಿಲಾಸವೂ ಶಿಥಿಲಗೊಂಡಿದ್ದಾಗ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿತ್ತು. ಆದರೂ ಇಂತಹ ಸೌಧಗಳಿಗೆ ಒಮ್ಮೆ ಮಾಡಿದ ದುರಸ್ತಿ ಸಾಲದು. ಪ್ರತಿ ಮಳೆಗಾಲಕ್ಕೂ ಮುನ್ನ ಚಾವಣಿ ಮತ್ತು ನೀರಿನ ದೋಣಿಗಳ ಪರಿಶೀಲನೆ ಅಗತ್ಯ. ದುರಸ್ತಿಯ ಅವಧಿಯಲ್ಲಿ ಕೆಲವು ತಾಣಗಳಿಗೆ ಪ್ರವೇಶ ಇಲ್ಲದಿರಬಹುದಾದ್ದರಿಂದ, ಭೇಟಿಗೆ ಮೊದಲು ಆಯಾ ಸಂಸ್ಥೆಯಲ್ಲಿ ವಿಚಾರಿಸುವುದು ಸೂಕ್ತ.