ನಿಮಗಿದು ಗೊತ್ತೆ? ನರಗುಂದದ ವೀರನ ಬೇರು ಕೊಂಕಣದ್ದು!

1858ರ ಬಂಡಾಯದ ನರಗುಂದ ಬಾಬಾಸಾಹೇಬರನ್ನು ಗದಗ ಸೀಮೆಯ ಜನ ‘ನಮ್ಮವರು’ ಎಂದೇ ಎದೆಯುಬ್ಬಿಸಿ ಹೇಳುತ್ತಾರೆ. ಅವರ ನಿಜ ಹೆಸರು ಭಾಸ್ಕರರಾವ್ ಭಾವೆ. ಮನೆತನ ಕೊಂಕಣ ಮೂಲದ ಚಿತ್ಪಾವನರದು, ಮನೆಮಾತು ಮರಾಠಿ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪದಿದ್ದಾಗ ಅವರು ತಿರುಗಿಬಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನೆಲಕ್ಕಾಗಿ ಪ್ರಾಣ ಕೊಟ್ಟವರ ವಂಶ ಯಾವುದೆಂದು ಕನ್ನಡಿಗರು ಕೇಳಲಿಲ್ಲ. ಅದು ಈ ಸೀಮೆಯ ದೊಡ್ಡಗುಣ. 

ದೂರದ ಐರ್ಲೆಂಡಿನಲ್ಲೂ ಇಂಥದೇ ಕಥೆಯಿದೆ. ಬ್ರಿಟಿಷರ ವಿರುದ್ಧ 1916ರ ಈಸ್ಟರ್ ದಂಗೆಯಲ್ಲಿ ಹೋರಾಡಿ, ಮುಂದೆ ಪ್ರಧಾನಿಯೂ ರಾಷ್ಟ್ರಾಧ್ಯಕ್ಷರೂ ಆದ ಈಮನ್ ಡಿ ವಲೇರಾ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ತಾಯಿ ಐರಿಷ್, ತಂದೆ ಸ್ಪ್ಯಾನಿಷ್ ಮೂಲದವರು. 2017ರಲ್ಲಿ ಅದೇ ಪ್ರಧಾನಿ ಗಾದಿಗೆ ಬಂದ ಲಿಯೊ ವರಾಡ್ಕರ್ ಡಬ್ಲಿನ್‌ನಲ್ಲಿ ಹುಟ್ಟಿದವರು. ಅವರ ತಾಯಿಯೂ ಐರಿಷ್. ತಂದೆಯ ಮನೆತನದ ಊರು ಮಾತ್ರ ಭಾವೆಯವರ ಪೂರ್ವಜರು ಬಂದ ಅದೇ ಕೊಂಕಣದಲ್ಲಿದೆ: ಮಾಲವಣ ತಾಲ್ಲೂಕಿನ ವರಾಡ.