ಕೈಯಲ್ಲಿರುವ ಕ್ಯಾಮರಾ

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತನ್ನ ಅಭ್ಯಾಸದ ಕೊರತೆಯನ್ನು ಉಪಕರಣದ ಕೊರತೆಯೆಂದು ಭಾವಿಸಿ ಸಮಾಧಾನ ತಂದುಕೊಳ್ಳುವುದು ಮನುಷ್ಯನ ಸಹಜ ದೌರ್ಬಲ್ಯಗಳಲ್ಲೊಂದು. ಈ ದೌರ್ಬಲ್ಯ ಎಲ್ಲ ಕಲೆಗಳಲ್ಲಿಯೂ ಉಂಟು. ಆದರೆ ಚಲನಚಿತ್ರ ಕಲೆಯಲ್ಲಿ ಅದು ಇನ್ನೂ ಪ್ರಬಲ. ಏಕೆಂದರೆ ಈ ಕಲೆ ಹುಟ್ಟಿದ್ದೇ ಯಂತ್ರದಿಂದ. ಇಂದು ವರ್ಷ ವರ್ಷವೂ ಹೊಸ ಹೊಸ ಕ್ಯಾಮರಾಗಳು ಮಾರುಕಟ್ಟೆಗೆ ಬರುತ್ತವೆ. ಹೊಸದು ಬಂದೊಡನೆ ನಿನ್ನೆಯವರೆಗೆ ಚೆನ್ನಾಗಿದ್ದುದು ಹಳೆಯದಾಗಿ ಕಾಣತೊಡಗುತ್ತದೆ. ಚಿತ್ರ ನಿರ್ಮಿಸಬೇಕೆಂಬ ಹಂಬಲವುಳ್ಳ ತರುಣನು ಇವುಗಳ ಗುಣಾವಗುಣಗಳನ್ನು ಹೋಲಿಸಿ ನೋಡುತ್ತಾನೆ; ಇದ್ದುದನ್ನು ಮಾರಿ, ಸಾಲದು ಬಂದುದಕ್ಕೆ ಸಾಲ ಮಾಡಿ ಹೊಸದನ್ನು ಕೊಳ್ಳುತ್ತಾನೆ. ಅದರ ಗುಂಡಿಗಳ ಪರಿಚಯವಾಗುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ. ಹೀಗೆ ವರ್ಷಗಳು ಉರುಳುತ್ತವೆ, ಹಣ ಕರಗುತ್ತದೆ, ಚಿತ್ರ ಮಾತ್ರ ತಯಾರಾಗುವುದಿಲ್ಲ.

ಹಾಗಾದರೆ ಕ್ಯಾಮರಾ ಮಾಡುವ ಕೆಲಸವಾದರೂ ಏನು? ಮಸೂರದ ಮೂಲಕ ಒಳಬರುವ ಬೆಳಕನ್ನು ಅದು ದಾಖಲಿಸುತ್ತದೆ. ಒಂದು ಸೆಕೆಂಡಿಗೆ 24ರಂತೆ ಬಿಡಿಚಿತ್ರಗಳನ್ನು ತೆಗೆದು ಅದೇ ವೇಗದಲ್ಲಿ ತೋರಿಸಿದರೆ, ಅವು ನಮ್ಮ ಕಣ್ಣಿಗೆ ಅಖಂಡವಾದ ಚಲನೆಯಾಗಿ ತೋರುತ್ತವೆ. ಯಂತ್ರದ ಪಾತ್ರ ಇಷ್ಟೇ. ಎದುರಿಗಿರುವ ಮುಖ ಮುಖ್ಯವೋ ಹಿಂದಿನ ಗೋಡೆ ಮುಖ್ಯವೋ ಎಂಬುದನ್ನು ಅದು ಅರಿಯದು. ಕ್ಯಾಮರಾವನ್ನು ಎಲ್ಲಿ ಇರಿಸಬೇಕು, ಯಾವಾಗ ಆರಂಭಿಸಬೇಕು, ಯಾವಾಗ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬ ನಾಲ್ಕು ನಿರ್ಧಾರಗಳೂ ಮನುಷ್ಯನವೇ. ಈ ನಿರ್ಧಾರಗಳನ್ನು ಸರಿಯಾಗಿ ಮಾಡುವ ಶಕ್ತಿಗೇ ಕುಶಲತೆ ಎಂದು ಹೆಸರು. ಅದು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ.

ಚಲನಚಿತ್ರದ ಇತಿಹಾಸವೇ ಇದಕ್ಕೆ ಸಾಕ್ಷಿ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ತಮ್ಮ ಚಿತ್ರಗಳನ್ನು ಸಾರ್ವಜನಿಕರಿಗೆ ಪ್ರದರ್ಶಿಸಿದರು. ಕೈಯಿಂದ ಹಿಡಿಕೆ ತಿರುಗಿಸುವ ಅವರ ಮರದ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಹಿಡಿಸುತ್ತಿದ್ದುದು ಸುಮಾರು 17 ಮೀಟರ್ ಫಿಲ್ಮ್. ಅಂದರೆ ಐವತ್ತು ಸೆಕೆಂಡುಗಳ ಚಿತ್ರ. ನೂರು ವರ್ಷಗಳ ತರುವಾಯ, 1995ರಲ್ಲಿ, ಜಗತ್ತಿನ ಸುಮಾರು ನಲವತ್ತು ಮಂದಿ ಪ್ರಸಿದ್ಧ ನಿರ್ದೇಶಕರ ಕೈಗೆ ಅದೇ ಹಳೆಯ ಕ್ಯಾಮರಾವನ್ನು ಕೊಟ್ಟು ಒಂದೊಂದು ಚಿತ್ರ ಮಾಡಿಕೊಡುವಂತೆ ಕೇಳಲಾಯಿತು. ಚಿತ್ರವು 52 ಸೆಕೆಂಡು ಮೀರಬಾರದು, ಚಿತ್ರಣದೊಡನೆಯೇ ಧ್ವನಿಯನ್ನು ಮುದ್ರಿಸಬಾರದು, ಮೂರಕ್ಕಿಂತ ಹೆಚ್ಚು ಸಲ ಪ್ರಯತ್ನಿಸಬಾರದು ಎಂಬ ನಿಯಮಗಳಿದ್ದವು. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಅವರು ತಮ್ಮ ಪಾಲಿನ ಚಿತ್ರದಲ್ಲಿ ತೋರಿಸಿದ್ದು ಬಾಣಲೆಯಲ್ಲಿ ಬೇಯುವ ಒಂದು ಮೊಟ್ಟೆಯನ್ನು. ಯಂತ್ರವೊಂದೇ ಆದರೂ ಒಬ್ಬರ ಚಿತ್ರ ಇನ್ನೊಬ್ಬರದನ್ನು ಹೋಲಲಿಲ್ಲ. ನೋಡುವ ಕಣ್ಣುಗಳು ಬೇರೆಯಾಗಿದ್ದುದೇ ಅದಕ್ಕೆ ಕಾರಣ.

ಭಾರತೀಯ ಚಲನಚಿತ್ರದ ಆದ್ಯರೆನಿಸಿದ ದಾದಾಸಾಹೇಬ್ ಫಾಲ್ಕೆಯವರ ಉದಾಹರಣೆಯೂ ಇಲ್ಲಿ ಸ್ಮರಣೀಯ. ಅವರು 1912ರಲ್ಲಿ ಲಂಡನ್ನಿಗೆ ಹೋಗಿ ಒಂದು ವಿಲಿಯಮ್ಸನ್ ಕ್ಯಾಮರಾವನ್ನು ಕೊಂಡುತಂದರು. ಆದರೆ ಕಥಾಚಿತ್ರ ಮಾಡುವಷ್ಟು ಹಣ ಅವರಲ್ಲಿರಲಿಲ್ಲ. ಹಣವಂತರಿಗೆ ಈ ಕಲೆಯಲ್ಲಿ ವಿಶ್ವಾಸವೂ ಇರಲಿಲ್ಲ. ಫಾಲ್ಕೆಯವರು ಕುಂಡವೊಂದರಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದರ ಮುಂದೆ ಕ್ಯಾಮರಾವನ್ನು ನಿಲ್ಲಿಸಿ, ದಿನಕ್ಕೆ ಒಂದೇ ಬಿಡಿಚಿತ್ರದಂತೆ ತಿಂಗಳಿಗೂ ಮೀರಿ ತೆಗೆಯುತ್ತ ಹೋದರು. ಬಳಿಕ ಅದನ್ನು ಪರದೆಯ ಮೇಲೆ ತೋರಿಸಿದಾಗ, ಕಾಳು ಮೊಳೆತು ಗಿಡವಾಗಿ ಬೆಳೆಯುವುದನ್ನು ಪ್ರೇಕ್ಷಕರು ಸ್ವಲ್ಪ ಹೊತ್ತಿನಲ್ಲೇ ಕಣ್ಣಾರೆ ಕಂಡು ಬೆರಗಾದರು. ಆ ಪುಟ್ಟ ಚಿತ್ರ ಹುಟ್ಟಿಸಿದ ನಂಬಿಕೆಯ ಬಲದಿಂದಲೇ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆರೆಗೆ ಬಂದಿತು. ಅದಕ್ಕೆ ಬೇಕಾದುದು ಒಂದು ಕ್ಯಾಮರಾ, ಒಂದು ಕಾಳು ಮತ್ತು ತಿಂಗಳ ತಾಳ್ಮೆ.

ಕ್ಯಾಮರಾಕ್ಕೆ ತುಂಬಲು ಫಿಲ್ಮೇ ಇಲ್ಲದಾಗಲೂ ಈ ಕಲೆಯನ್ನು ಕಲಿತವರುಂಟು. ಕ್ರಾಂತಿಯ ನಂತರದ ರಷ್ಯಾದಲ್ಲಿ ಅಂತರ್ಯುದ್ಧದ ಕಾರಣದಿಂದ ಫಿಲ್ಮಿನ ಅಭಾವ ವಿಪರೀತವಾಗಿತ್ತು. 1919ರಲ್ಲಿ ಮಾಸ್ಕೋದಲ್ಲಿ ಚಲನಚಿತ್ರ ಶಾಲೆ ಆರಂಭವಾದಾಗ ಅಲ್ಲಿ ಪಾಠ ಹೇಳುತ್ತಿದ್ದ ಲೆವ್ ಕುಲೆಶೋವ್ ಎಂಬ ತರುಣನು ತನ್ನ ವಿದ್ಯಾರ್ಥಿಗಳಿಂದ ಫಿಲ್ಮ್ ಇಲ್ಲದ ಚಿತ್ರಗಳನ್ನು ಮಾಡಿಸಿದನು. ದೃಶ್ಯಗಳನ್ನು ತುಣುಕು ತುಣುಕಾಗಿ ರಂಗದ ಮೇಲೆ ಅಭಿನಯಿಸಿ, ಯಾವ ತುಣುಕಿನ ಮುಂದೆ ಯಾವುದು ಬರಬೇಕೆಂಬುದನ್ನು ಅವರು ಅಭ್ಯಾಸ ಮಾಡಿದರು. ದೊರೆತ ಹಳೆಯ ಫಿಲ್ಮ್ ತುಂಡುಗಳನ್ನು ಹೊಸ ಕ್ರಮದಲ್ಲಿ ಜೋಡಿಸಿ ನೋಡಿದರು. ಕುಲೆಶೋವ್ ನಡೆಸಿದ ಒಂದು ಪ್ರಯೋಗ ಪ್ರಖ್ಯಾತವಾಗಿದೆ. ನಟನೊಬ್ಬನ ಭಾವರಹಿತ ಮುಖವನ್ನು ಒಮ್ಮೆ ಸಾರಿನ ತಟ್ಟೆಯೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಆಟವಾಡುವ ಮಗುವಿನೊಡನೆ ಜೋಡಿಸಲಾಯಿತು. ಮುಖ ಅದೇ ಆಗಿದ್ದರೂ ನೋಡಿದವರು ಅದರಲ್ಲಿ ಬೇರೆ ಬೇರೆ ಭಾವಗಳನ್ನು ಕಂಡು ನಟನ ಪ್ರತಿಭೆಯನ್ನು ಕೊಂಡಾಡಿದರೆಂದು ಅವನ ಶಿಷ್ಯ ಪುದೊವ್ಕಿನ್ ಬರೆದಿದ್ದಾನೆ. ಚಿತ್ರದ ಅರ್ಥವು ಒಂದು ಬಿಂಬದಲ್ಲಿಲ್ಲ, ಎರಡು ಬಿಂಬಗಳ ಸಂಬಂಧದಲ್ಲಿದೆ ಎಂಬ ಸಂಕಲನ ಕಲೆಯ ಮೂಲತತ್ತ್ವ ಹೀಗೆ ಬಡತನದ ನಡುವೆಯೇ ಸ್ಪಷ್ಟವಾಯಿತು.

ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ ಅವರು 1952ರಲ್ಲಿ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣವನ್ನು ಆರಂಭಿಸಿದಾಗ ಅವರಿಗೆ ಸ್ವಂತ ಕ್ಯಾಮರಾ ಇರಲಿಲ್ಲ. ಬಾಡಿಗೆಗೆ ತಂದುದರಿಂದಲೇ ಕೆಲಸ ನಡೆಯಿತು. ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಆಗ ಸುಮಾರು ಇಪ್ಪತ್ತೆರಡರ ಪ್ರಾಯ. ಅದಕ್ಕೆ ಮುನ್ನ ಅವರು ಚಲನಚಿತ್ರ ಕ್ಯಾಮರಾವನ್ನು ನಡೆಸಿದವರಲ್ಲ. ಆದರೆ ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ಅವರು 'ದಿ ರಿವರ್' ಚಿತ್ರಕ್ಕಾಗಿ ಬಂಗಾಳಕ್ಕೆ ಬಂದಿದ್ದಾಗ, ಮಿತ್ರರು ಚಿತ್ರೀಕರಣದ ಸ್ಥಳಕ್ಕೆ ಹೋಗಿ ದೀಪಗಳನ್ನು ಎಲ್ಲಿಟ್ಟರು, ಕ್ಯಾಮರಾ ಎತ್ತ ಚಲಿಸಿತು ಎಂಬುದನ್ನು ನಕ್ಷೆಗಳ ಸಮೇತ ಬರೆದಿಟ್ಟುಕೊಂಡಿದ್ದರು. ಕ್ಯಾಮರಾ ಕೈಗೆ ಬರುವುದಕ್ಕೆ ಮೊದಲೇ ಅವರ ಕಣ್ಣು ಅಭ್ಯಾಸ ಆರಂಭಿಸಿತ್ತು. ಹಣವಿಲ್ಲದೆ ಚಿತ್ರೀಕರಣ ಹಲವು ಸಲ ನಿಂತು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಪೂರ್ಣಗೊಂಡಿತು. 1955ರಲ್ಲಿ ತೆರೆಕಂಡ ಆ ಚಿತ್ರ ಮರುವರ್ಷ ಕಾನ್ ಉತ್ಸವದಲ್ಲಿ ಪುರಸ್ಕೃತವಾಯಿತು.

ಮಿತ್ರರ ಇನ್ನೊಂದು ಸಾಧನೆ 'ಅಪರಾಜಿತೊ' ಚಿತ್ರಕ್ಕೆ ಸಂಬಂಧಿಸಿದುದು. ಕಾಶಿಯ ಹಳೆಯ ಮನೆಯೊಂದರ ಒಳಾಂಗಣವನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ನಿರ್ಮಿಸಲಾಗಿತ್ತು. ಅಂತಹ ಮನೆಗಳಲ್ಲಿ ಬೆಳಕು ತೆರೆದ ಅಂಗಳದ ಮೇಲಿಂದ ಮೃದುವಾಗಿ ಇಳಿಯುತ್ತದೆ. ಅದಕ್ಕೆ ಗಾಢವಾದ ನೆರಳಿಲ್ಲ. ಸ್ಟುಡಿಯೋದ ದೀಪಗಳಾದರೋ ಕಡುನೆರಳನ್ನು ಬೀಳಿಸುತ್ತಿದ್ದವು. ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿದರು. ಬಟ್ಟೆಗೆ ತಾಗಿ ಚದುರಿದ ಬೆಳಕು ಬಾನಿನ ಬೆಳಕಿನಂತೆಯೇ ಕೆಳಗಿಳಿಯಿತು. ನಿಜವಾದ ಅಂಗಳದ ಬೆಳಕನ್ನು ಬಹಳ ಹೊತ್ತು ನೋಡಿದ್ದವನಿಗಲ್ಲದೆ ಆ ಬಟ್ಟೆಯ ಉಪಾಯ ಹೊಳೆಯುತ್ತಿರಲಿಲ್ಲ.

ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಇನ್ನೊಂದು ನಿದರ್ಶನವಿದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. 1959ರ 'ಕಾಗಜ್ ಕೇ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅಗಲ ಪರದೆಯ ಆ ವಿಧಾನ ಅಂದಿಗೆ ಅತ್ಯಾಧುನಿಕವಾದುದು. ಆದರೆ ಆ ಚಿತ್ರದಲ್ಲಿ ಎಲ್ಲರ ನೆನಪಿನಲ್ಲಿ ಉಳಿದಿರುವುದು ಕತ್ತಲು ತುಂಬಿದ ಸ್ಟುಡಿಯೋದೊಳಕ್ಕೆ ಓರೆಯಾಗಿ ಇಳಿಯುವ ಬೆಳಕಿನ ಕೋಲು. ಅದನ್ನು ಮೂರ್ತಿಯವರು ಸಾಧಿಸಿದ್ದು ಹೊರಗಿನ ಬಿಸಿಲನ್ನು ಎರಡು ಕನ್ನಡಿಗಳ ಮೂಲಕ ಒಳಕ್ಕೆ ತಿರುಗಿಸಿ. ದೇಶದ ಅತ್ಯಾಧುನಿಕ ಉಪಕರಣ ಕೈಯಲ್ಲಿದ್ದಾಗಲೂ ಅವರ ಕೈಹಿಡಿದದ್ದು ಸೂರ್ಯ ಮತ್ತು ಕನ್ನಡಿ! 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಇಷ್ಟು ಹೇಳಿದ ಮಾತ್ರಕ್ಕೆ ಉಪಕರಣಗಳನ್ನು ತಿರಸ್ಕರಿಸಬೇಕೆಂದು ಅರ್ಥವಲ್ಲ. ಕತ್ತಲಲ್ಲಿ ಸಂಚರಿಸುವ ಕಾಡುಪ್ರಾಣಿಯನ್ನು ಚಿತ್ರಿಸಲು ಮಂದ ಬೆಳಕನ್ನೂ ಗ್ರಹಿಸಬಲ್ಲ ಕ್ಯಾಮರಾ ಬೇಕು. ದೂರದ ಹಕ್ಕಿಗೆ ಅದಕ್ಕೆ ತಕ್ಕ ಮಸೂರ ಬೇಕು. ಆದರೆ ಬೇಕು ಎಂಬುದಕ್ಕೂ ಬಯಕೆ ಎಂಬುದಕ್ಕೂ ಅಂತರವುಂಟು. ಅದನ್ನು ಅರಿಯಲು ಒಂದು ಸರಳ ಪರೀಕ್ಷೆ ಸಾಕು. ಈಗಿರುವ ಕ್ಯಾಮರಾದಿಂದ ತೆಗೆಯಲಾಗದ ದೃಶ್ಯ ಯಾವುದು ಎಂದು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕು. ಹತ್ತು ಸಲ ಪ್ರಯತ್ನಿಸಿ ಸೋತ ಒಂದು ದೃಶ್ಯವನ್ನು ಹೆಸರಿಸಲು ಸಾಧ್ಯವಾದರೆ ಹೊಸ ಉಪಕರಣ ನಿಜವಾಗಿಯೂ ಬೇಕಾಗಿದೆ. ಆಗಲೂ ರಾಯ್ ಅವರಂತೆ ಬಾಡಿಗೆಗೆ ತರಬಹುದು. ಹೆಸರಿಸಲಾಗದಿದ್ದರೆ ಅದು ಬರಿಯ ಬಯಕೆ.

ಜಾಹೀರಾತುಗಳು ಮುಂದಿಡುವ ಅಂಕಿಗಳನ್ನು ಕೂಡ ವಿವೇಕದಿಂದ ನೋಡಬೇಕು. ಪೂರ್ಣ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಬಿಂದುಗಳಿರುತ್ತವೆ. 4ಕೆ ಚಿತ್ರದಲ್ಲಿ ಇದರ ನಾಲ್ಕರಷ್ಟು, ಎಂದರೆ ಸುಮಾರು 83 ಲಕ್ಷ. ಒಂದು ಮೀಟರ್ ಅಗಲದ ಪರದೆಯ ಮೇಲೆ ಪೂರ್ಣ ಎಚ್‌ಡಿ ಚಿತ್ರದ ಒಂದು ಬಿಂದು ಸುಮಾರು ಅರ್ಧ ಮಿಲಿಮೀಟರಿನಷ್ಟಾಗುತ್ತದೆ. ಮೂರು ಮೀಟರ್ ದೂರದಲ್ಲಿ ಕುಳಿತ ಮನುಷ್ಯನ ಸಾಮಾನ್ಯ ದೃಷ್ಟಿ ಬೇರೆ ಬೇರೆಯೆಂದು ಗುರುತಿಸಬಲ್ಲ ಕನಿಷ್ಠ ಅಂತರ ಸುಮಾರು 0.9 ಮಿಲಿಮೀಟರ್. ಆದುದರಿಂದ ಅಷ್ಟು ದೂರದಿಂದ ನೋಡುವವನಿಗೆ ಹೆಚ್ಚಿನ ಬಿಂದುಗಳ ಪ್ರಯೋಜನ ಅತ್ಯಲ್ಪ. ಆದರೆ ಚಿತ್ರ ನಡುಗಿದರೆ, ಮುಖದ ಮೇಲೆ ಬೆಳಕಿಲ್ಲದಿದ್ದರೆ, ಮಾತು ಕೇಳಿಸದಿದ್ದರೆ ಅವನಿಗೆ ಒಡನೆಯೇ ತಿಳಿಯುತ್ತದೆ. ಈ ಮೂರು ದೋಷಗಳಿಗೂ ಪರಿಹಾರ ಅಗ್ಗವಾದುದು. ಮರಳಿನ ಚೀಲದ ಮೇಲೆ ಕ್ಯಾಮರಾವನ್ನು ಊರಿದರೆ ನಡುಕ ನಿಲ್ಲುತ್ತದೆ. ವ್ಯಕ್ತಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿದರೆ ಮುಖ ಬೆಳಗುತ್ತದೆ. ಹತ್ತಿರಕ್ಕೆ ಸರಿದರೆ ಧ್ವನಿ ಸ್ಪಷ್ಟವಾಗುತ್ತದೆ.

ಇಂದು ಅನೇಕರ ಮನೆಗಳಲ್ಲಿ ಇರುವ ಮೊಬೈಲ್ ಫೋನಿನಿಂದಲೂ ಚಿತ್ರ ತೆಗೆಯಬಹುದು. ಅಮೆರಿಕದ ಶಾನ್ ಬೇಕರ್ ಅವರು 2015ರಲ್ಲಿ ತೆರೆಕಂಡ 'ಟ್ಯಾಂಜರೀನ್' ಎಂಬ ಪೂರ್ಣ ಪ್ರಮಾಣದ ಕಥಾಚಿತ್ರವನ್ನು ಐಫೋನ್‌ಗಳಿಗೆ ಒಂದು ಪುಟ್ಟ ಮಸೂರವನ್ನು ಸೇರಿಸಿ ಚಿತ್ರೀಕರಿಸಿದರು. ವಿದ್ಯಾರ್ಥಿಗಳು ಇಂತಹ ಸಾಧನದಿಂದಲೇ ಅಭ್ಯಾಸ ಆರಂಭಿಸಬಹುದು. ಒಂದೇ ಕಿಟಕಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚಿತ್ರಿಸಿ ಬೆಳಕು ಬದಲಾಗುವ ಬಗೆಯನ್ನು ಗಮನಿಸಲಿ. ಕುಂಬಾರನೊಬ್ಬನು ಮಡಕೆ ಮಾಡುವುದನ್ನು ಐದೇ ತುಣುಕುಗಳಲ್ಲಿ, ಮಾತಿಲ್ಲದೆ, ಒಂದು ನಿಮಿಷದಲ್ಲಿ ತೋರಿಸಲಿ: ತಿರುಗುವ ತಿಗರಿ, ಮಣ್ಣಿನೊಳಗಿನ ಬೆರಳು, ಕುಂಬಾರನ ಮುಖ, ಏಳುತ್ತಿರುವ ಮಡಕೆ, ಒಣಗಲಿಟ್ಟ ಸಾಲು. ಬಳಿಕ ಆ ತುಣುಕುಗಳ ಕ್ರಮವನ್ನು ಬದಲಿಸಿ, ಅರ್ಥ ಹೇಗೆ ಬದಲಾಗುತ್ತದೆಂದು ಪರೀಕ್ಷಿಸಲಿ. ಉತ್ತಮ ಚಿತ್ರವೊಂದನ್ನು ಧ್ವನಿಯಿಲ್ಲದೆ ನೋಡಿ, ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ಮಿತ್ರರಂತೆ ನಕ್ಷೆ ಬರೆಯಲಿ. ಹೀಗೆ ಒಂದೇ ಉಪಕರಣದೊಡನೆ ವರ್ಷಕಾಲ ಬಾಳಿದವನಿಗೆ ಅದರ ಶಕ್ತಿಯೂ ಮಿತಿಯೂ ಕರತಲಾಮಲಕವಾಗುತ್ತವೆ. ಮಿತಿಯನ್ನು ಬಲ್ಲವನು ಮಾತ್ರ ಅದನ್ನು ಮೀರುವ ಉಪಾಯವನ್ನು ಕಂಡುಕೊಳ್ಳಬಲ್ಲನು.

ಕೊನೆಯದಾಗಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಕ್ಯಾಮರಾ ನಾಳೆಯೂ ದೊರೆಯುತ್ತದೆ, ನಾಡಿದ್ದು ಇನ್ನೂ ಉತ್ತಮವಾದುದು ದೊರೆಯುತ್ತದೆ. ಆದರೆ ಅದರ ಮುಂದೆ ನಿಲ್ಲಬೇಕಾದವರು ನಮಗಾಗಿ ಕಾಯುವುದಿಲ್ಲ. ಬೀಸುವ ಕಲ್ಲಿನ ಪದಗಳನ್ನು ಬಲ್ಲ ಅಜ್ಜಿ ಇಂದು ಜಗುಲಿಯ ಮೇಲೆ ಕುಳಿತು ಹಾಡುತ್ತಾಳೆ. ಒಳ್ಳೆಯ ಕ್ಯಾಮರಾ ಬರಲೆಂದು ಮೊಮ್ಮಗನು ಎರಡು ವರ್ಷ ಕಾದರೆ, ಕ್ಯಾಮರಾ ಬಂದ ದಿನ ಜಗುಲಿ ಬರಿದಾಗಿರಬಹುದು. ತುಸು ಮಸುಕಾದರೂ ಆ ಮುಖ, ತುಸು ಒಡೆದರೂ ಆ ದನಿ ಉಳಿದಿದ್ದರೆ, ಮುಂದಿನ ಪೀಳಿಗೆ ಅದನ್ನು ತೆಗೆದ ಯಂತ್ರ ಯಾವುದೆಂದು ಕೇಳುವುದಿಲ್ಲ. ತೆಗೆದ ಮೊಮ್ಮಗನನ್ನು ನೆನೆಯುತ್ತದೆ. ಆದುದರಿಂದ ಕೈಯಲ್ಲಿರುವ ಕ್ಯಾಮರಾದಿಂದಲೇ, ಇಂದೇ, ಕೆಲಸ ಆರಂಭವಾಗಲಿ.