ಬಸ್ಸೂ ನಮ್ಮದು, ರಸ್ತೆಯೂ ನಮ್ಮದು

ನಮ್ಮೂರು ಹರಿಯಬ್ಬೆ. ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. ನಮ್ಮದು ಶೇಂಗಾ ಬೆಳೆಯುವ ನಾಡು. ಮಳೆ ಕಡಿಮೆ.

ನಾವು ಊರು ಬಿಟ್ಟು ಯಾಕೆ ಹೋಗುತ್ತೇವೆ? ಧರ್ಮಪುರಕ್ಕೆ ಹೋಗಬೇಕು, ಸಾಮಾನು ತರಬೇಕು. ಹಿರಿಯೂರಿಗೆ ಹೋಗಬೇಕು, ತಾಲ್ಲೂಕು ಕಚೇರಿ ಅಲ್ಲಿದೆ. ಕಾಯಿಲೆ ಜೋರಾದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಕಾಲೇಜಿಗೆ ಹೋಗಬೇಕು. ಎಲ್ಲದಕ್ಕೂ ದಾರಿ ಬೇಕು. ದಾರಿಯಲ್ಲಿ ಬಂಡಿ ಬೇಕು.

ಹೇಗೆ ಹೋಗುವುದು? ಈ ಬಗ್ಗೆ ಅರಳಿಕಟ್ಟೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

"ಬಸ್ಸಿಗೆ ಕಾಯೋರು ಯಾರು? ಸಾಲ ಮಾಡಿಯಾದ್ರೂ ಒಂದು ಬೈಕು ತಗೋಬೇಕು" ಅಂತಾರೆ ಹುಡುಗರು.

"ಬೈಕು ನಿನಗಾಯ್ತು. ನನಗೆ, ನಿಮ್ಮ ಅಜ್ಜಿಗೆ ಏನು ಗತಿ?" ಅಂತಾರೆ ಅವ್ವ.

ಎರಡು ಮಾತಲ್ಲೂ ನಿಜ ಇದೆ. ನಾವು ಕೂತು ಯೋಚನೆ ಮಾಡೋಣ.

ಒಂದು ಲೆಕ್ಕ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್. 50 ಜನ ಹೋಗಬೇಕು ಅಂತ ಇಟ್ಟುಕೊಳ್ಳಿ.

ಬಸ್ಸಿನಲ್ಲಿ ಹೋದರೆ ಒಂದೇ ಬಸ್ಸು ಸಾಕು. ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಸುಮಾರು 5 ಕಿಲೋಮೀಟರ್ ಓಡುತ್ತದೆ ಎನ್ನೋಣ. ಒಟ್ಟು 8 ಲೀಟರ್ ಬೇಕು.

ಬೈಕಿನಲ್ಲಿ ಇಬ್ಬಿಬ್ಬರು ಹೋದರೆ 25 ಬೈಕು ಬೇಕು. ಲೀಟರ್‌ಗೆ 50 ಕಿಲೋಮೀಟರ್ ಎಂದರೂ ಒಟ್ಟು 20 ಲೀಟರ್ ಪೆಟ್ರೋಲ್.

ಕಾರಿನಲ್ಲಿ ನಾಲ್ಕು ನಾಲ್ಕು ಜನ ಕೂತರೆ 13 ಕಾರು ಬೇಕು. ಲೀಟರ್‌ಗೆ 16 ಕಿಲೋಮೀಟರ್ ಎಂದರೆ 32 ಲೀಟರಿಗೂ ಹೆಚ್ಚು.

ಎಣ್ಣೆ ಯಾವುದರಲ್ಲಿ ಉಳಿಯಿತು? ಹೊಗೆ ಯಾವುದರಲ್ಲಿ ಕಡಿಮೆ? ರಸ್ತೆಯಲ್ಲಿ ಜಾಗ ಯಾವುದಕ್ಕೆ ಕಡಿಮೆ ಬೇಕು? ನೀವೇ ಹೇಳಿ.

ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಕಾರು ಹೆಚ್ಚಾಯಿತೆಂದು ರಸ್ತೆ ಅಗಲ ಮಾಡಿದರು. ಮರ ಕಡಿದರು. ಅಗಲವಾದ ರಸ್ತೆಗೆ ಇನ್ನಷ್ಟು ಕಾರು ಬಂದವು. ನಡೆಯುವವರಿಗೆ ಜಾಗ ಇಲ್ಲದಾಯಿತು. ಕೊನೆಗೆ ಎಲ್ಲರೂ ಕೂಡಿ ಹೋಗುವ ಬಂಡಿಯೇ ಬೇಕಾಯಿತು. 2011ರ ಅಕ್ಟೋಬರ್ 20ರಂದು ಅಲ್ಲಿ ಮೆಟ್ರೋ ರೈಲು ಶುರುವಾಯಿತು.

ಸರ್ಕಾರಿ ಬಸ್ಸು ಬಂದ ಬಗೆ

ಹಳೇ ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು ಬಸ್ಸು ಓಡಿಸಲು ಆರಂಭಿಸಿತು. ಆಗ ಇದ್ದದ್ದು 120 ಬಸ್ಸು. 1961ರಲ್ಲಿ ಅದು ನಿಗಮವಾಯಿತು. ಅದನ್ನೇ ಇಂದು ಕೆ.ಎಸ್.ಆರ್.ಟಿ.ಸಿ. ಎನ್ನುತ್ತೇವೆ. ನಮ್ಮ ಜಿಲ್ಲೆಗೆ ಅದರ ವಿಭಾಗೀಯ ಕಚೇರಿ ಚಿತ್ರದುರ್ಗದಲ್ಲಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ, ರಾಜ್ಯದೊಳಗೆ ಹಣ ಕೊಡದೆ ಹೋಗಬಹುದು. ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಅದನ್ನು ಕೇಳಿ ಪಡೆಯಬೇಕು, ಇಳಿಯುವ ತನಕ ಇಟ್ಟುಕೊಳ್ಳಬೇಕು.

ಆದರೆ ಒಂದು ಮಾತು. ಈ ಸೌಲಭ್ಯ ಖಾಸಗಿ ಬಸ್ಸಿನಲ್ಲಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸು ಬಹಳ. ಸರ್ಕಾರಿ ಬಸ್ಸು ಬಾರದ ಊರಿನ ಹೆಂಗಸರಿಗೆ ಯೋಜನೆ ಇದ್ದೂ ಇಲ್ಲದಂತೆ. ಆಸ್ಪತ್ರೆಗೆ ಹೋಗಲು ಗಂಡನನ್ನೋ ಮಗನನ್ನೋ ಕಾಸು ಕೇಳಬೇಕು. "ಕೂಲಿ ಬಂದ ಮೇಲೆ ಹೋದ್ರಾಯ್ತು" ಅಂತ ಕಾಯಿಲೆ ಮುಚ್ಚಿಡುತ್ತಾರೆ. ಸಂಜೆ ವಾಪಸ್ ಬರಲು ಬಸ್ಸಿಲ್ಲ ಅಂತ ಹೆಣ್ಣುಮಗಳ ಓದು ಬಿಡಿಸುತ್ತಾರೆ. ಹುಡುಗನಾದರೆ ಬೈಕು ಹತ್ತಿ ಹೋಗುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಬಸ್ಸು ಇಲ್ಲದ ನಷ್ಟ ಎಲ್ಲರಿಗೂ ಒಂದೇ ಸಮ ಅಲ್ಲ.

ಬೈಕು ಬೇಡವೇ?

ಬೇಡ ಎಂದು ನಾವು ಹೇಳುವುದಿಲ್ಲ. ರಾತ್ರಿ ಹೊತ್ತು, ತೋಟಕ್ಕೆ ಹೋಗಲು, ಹಾಲು ಹಾಕಲು ಬೈಕು ಬೇಕು. ಆದರೆ ಕೊಳ್ಳುವ ಮುಂಚೆ ಸಾಲದ ಕಂತು, ಪೆಟ್ರೋಲ್, ರಿಪೇರಿ, ವಿಮೆ ಎಲ್ಲ ಕೂಡಿ ನೋಡಿ. ಬೆಳೆ ಕೈಕೊಟ್ಟ ವರ್ಷವೂ ಕಂತು ಕಟ್ಟಲೇಬೇಕು.

ಬೈಕಿನ ಮೇಲೆ ಇಬ್ಬರೇ ಕೂರಬೇಕು. ಇಬ್ಬರೂ ಹೆಲ್ಮೆಟ್ ಹಾಕಬೇಕು. ಇದು ಕಾನೂನು. ಮದುವೆ, ಜಾತ್ರೆಗೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನ ತುಂಬಿಕೊಂಡು ಹೋಗಬಾರದು. ಟ್ರೇಲರ್ ಇರುವುದು ಸಾಮಾನಿಗೆ. ಮಗುಚಿದರೆ ಜೀವ ಹೋಗುತ್ತದೆ, ಪರಿಹಾರ ಸಿಗುವುದೂ ಕಷ್ಟ.

ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ. "ಪೊಲೀಸ್ ಕೇಸು ನಮಗ್ಯಾಕೆ" ಎಂದು ಹೆದರಬೇಡಿ. 2019ರ ತಿದ್ದುಪಡಿಯಿಂದ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ. ಇಷ್ಟವಿಲ್ಲದಿದ್ದರೆ ಹೆಸರನ್ನೂ ಹೇಳಬೇಕಿಲ್ಲ.

ರಸ್ತೆ ಯಾವುದು? ಕಣ ಯಾವುದು?

ಸುಗ್ಗಿ ಬಂದರೆ ರಾಗಿ, ಹುರುಳಿ ತಂದು ಡಾಂಬರು ರಸ್ತೆ ಮೇಲೆ ಹರಡುತ್ತೇವೆ. ಬಂಡಿ ಓಡಾಡಿದರೆ ಕಾಳು ಉದುರುತ್ತದೆ, ಕೂಲಿ ಉಳಿಯುತ್ತದೆ. ಆದರೆ ಹುಲ್ಲಿನ ಮೇಲೆ ಬೈಕು ಜಾರುತ್ತದೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಕಾರಿನ ಅಡಿಯಲ್ಲಿ ಸಿಕ್ಕಿ ಬೆಂಕಿ ಹತ್ತುವುದೂ ಉಂಟು. ಕಾಳಿಗೆ ಮಣ್ಣು, ಎಣ್ಣೆ ಸೇರುತ್ತದೆ.

ರೈತರು ಬೇಕೆಂದು ಹೀಗೆ ಮಾಡುವುದಿಲ್ಲ. ಹಿಂದೆ ಪ್ರತಿ ಮನೆಗೂ ಕಣ ಇತ್ತು. ಕಣದ ಜಾಗ ಈಗ ಮನೆಯಾಗಿದೆ, ಇಲ್ಲವೇ ಒತ್ತುವರಿಯಾಗಿದೆ. ಹಾಗಾಗಿ ಬರೀ ಬೈದರೆ ಸಾಲದು. ಊರಿಗೊಂದು ಒಕ್ಕಣೆ ಕಣ ಬೇಕೆಂದು ಗ್ರಾಮಸಭೆಯಲ್ಲಿ ಕೇಳಬೇಕು.

ಆಟದ ಬಯಲಿನ ಕತೆಯೂ ಇದೇ. ಬಯಲು ಇಲ್ಲದಿದ್ದರೆ ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ. ಚೆಂಡಿನ ಹಿಂದೆ ಓಡುವ ಮಗು ಬಸ್ಸು ನೋಡುವುದಿಲ್ಲ. ಕಬಡ್ಡಿ, ಖೋಖೋ ಆಡಲು ಗಟ್ಟಿ ನೆಲ ಒಂದಿದ್ದರೆ ಸಾಕು. ಹೆಣ್ಣುಮಕ್ಕಳೂ ಆಡಲಿ. ರಸ್ತೆ, ಕಣ, ಬಯಲು ಮೂರನ್ನೂ ಉಳಿಸಿಕೊಂಡ ಊರು ಒಳ್ಳೆಯ ಊರು.

ಅರ್ಜಿ ಬರೆಯೋಣ

ನಾವು ಈಗ ಓದು ಬರಹ ಬಲ್ಲವರು. ಬಸ್ಸು ಬೇಕಾದರೆ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಹೀಗೆ ಬರೆಯಿರಿ:

ಇವರಿಗೆ,
ವಿಭಾಗೀಯ ನಿಯಂತ್ರಣಾಧಿಕಾರಿಗಳು,
ಕೆ.ಎಸ್.ಆರ್.ಟಿ.ಸಿ., ಚಿತ್ರದುರ್ಗ.

ಮಾನ್ಯರೇ,
ನಮ್ಮ ಊರು ______. ಇಲ್ಲಿಂದ ______ ಮಕ್ಕಳು ದಿನವೂ ______ ಊರಿಗೆ ಓದಲು ಹೋಗುತ್ತಾರೆ. ಬೆಳಿಗ್ಗೆ ______ ಗಂಟೆಗೆ, ಸಂಜೆ ______ ಗಂಟೆಗೆ ಬಸ್ಸು ಬೇಕು. ದಯಮಾಡಿ ಬಸ್ಸು ಬಿಡಿಸಿಕೊಡಬೇಕೆಂದು ಕೋರುತ್ತೇವೆ.

ಕೆಳಗೆ ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಬೇಡ, ಹೆಸರೇ ಬರೆಯಿರಿ. ತಾರೀಕು ಹಾಕಿ. ಒಂದು ಪ್ರತಿ ಪಂಚಾಯಿತಿಗೆ ಕೊಡಿ. ಒಂದು ನಿಮ್ಮಲ್ಲಿರಲಿ, ಅದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ.

ಬಸ್ಸು ಬಂದ ಮೇಲೆ ಅದನ್ನು ಉಳಿಸಿಕೊಳ್ಳುವುದೂ ನಮ್ಮ ಕೆಲಸ. ಗಂಡಸರು ಟಿಕೆಟ್ ತಗೊಳ್ಳಿ. ಹೆಂಗಸರ ಸೀಟು ಹೆಂಗಸರಿಗೆ ಬಿಡಿ. ಸಿಟ್ಟು ಬಂದಾಗ ಬಸ್ಸಿಗೆ ಕಲ್ಲು ಹೊಡೆಯಬೇಡಿ. ಒಡೆದ ಗಾಜಿಗೆ ಖರ್ಚಾಗುವುದು ನಮ್ಮದೇ ದುಡ್ಡು.

ಕೂತು ಮಾತಾಡೋಣ

1. ನಿಮ್ಮ ಊರಿಗೆ ದಿನಕ್ಕೆ ಎಷ್ಟು ಬಸ್ಸು ಬರುತ್ತವೆ? ಅದರಲ್ಲಿ ಸರ್ಕಾರಿ ಎಷ್ಟು?
2. ಬಸ್ಸಿಲ್ಲದೆ ಓದು ಬಿಟ್ಟ ಹುಡುಗಿಯರು ನಿಮ್ಮ ಓಣಿಯಲ್ಲಿ ಇದ್ದಾರೆಯೇ?
3. ನಿಮ್ಮ ಊರಿನ ಕಣ, ಆಟದ ಬಯಲು ಎಲ್ಲಿದ್ದವು? ಈಗ ಅಲ್ಲಿ ಏನಿದೆ?
4. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಏನು ಕೇಳುತ್ತೀರಿ? ಬರೆದುಕೊಳ್ಳಿ.